ಹುಲಿಕಲ್ ದುರ್ಗದ ಉಳಿದ ಗೋಡೆ

ನೀಲಗಿರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಉದಕಮಂಡಲದ ಕೆರೆ, ಸಸ್ಯೋದ್ಯಾನ, ದೊಡ್ಡಬೆಟ್ಟಗಳನ್ನು ಕಂಡು ಹಿಂದಿರುಗುತ್ತಾರೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ದಿನದಿಂದಲೇ ಈ ಜಿಲ್ಲೆಯ ಚರಿತ್ರೆ ತೊಡಗಿತೆಂಬ ಭಾವನೆ ಅವರಲ್ಲಿ ಉಳಿಯುವುದು ಸಹಜ. ಬಂಗಲೆ, ಇಗರ್ಜಿ, ರೈಲು, ಚಹಾ ತೋಟ ಎಲ್ಲವೂ ಅದನ್ನೇ ಹೇಳುತ್ತವೆ. ಆದರೆ ಸಲಿವನ್ನನಿಗಿಂತ ನೂರಾರು ವರ್ಷ ಮೊದಲೇ ಈ ಬೆಟ್ಟಗಳಿಗೆ ಒಡೆಯರಿದ್ದರು, ಸುಂಕವಿತ್ತು, ಕಾವಲಿತ್ತು, ಕೋಟೆಗಳಿದ್ದವು. ಆ ಕೋಟೆಗಳಲ್ಲಿ ಇಂದು ಕಾಲ್ನಡಿಗೆಯಿಂದ ತಲುಪಬಹುದಾದದ್ದು ಕೂನೂರಿನ ಸಮೀಪದ ಹುಲಿಕಲ್ ದುರ್ಗ.

ಕೂನೂರಿನಿಂದ ಸುಮಾರು 13 ಕಿ.ಮೀ. ದೂರದಲ್ಲಿ, ನಾನ್‌ಸಚ್ ಚಹಾ ತೋಟದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮುಂದೆ ಸುಮಾರು ನಾಲ್ಕು ಕಿ.ಮೀ. ಕಾಲುದಾರಿ. ಮೊದಲ ಭಾಗದಲ್ಲಿ ಚಹಾ ಗಿಡಗಳ ಸಾಲು, ಸಿಲ್ವರ್ ಓಕ್ ಮರಗಳ ತೆಳುನೆರಳು, ಎಲೆ ಕೀಳುವ ಹೆಂಗಸರ ಮಾತು. ತೋಟ ಮುಗಿದೊಡನೆ ಕಾಡು ಮುತ್ತಿಕೊಳ್ಳುತ್ತದೆ. ದಾರಿ ಕಿರಿದಾಗುತ್ತದೆ, ಮಣ್ಣು ಜಾರುತ್ತದೆ, ಮಳೆಗಾಲವಾದರೆ ಜಿಗಣೆಗಳು ಕಾಲಿಗೇರುತ್ತವೆ. ಕಾಟಿ ಮತ್ತು ಕರಡಿಗಳ ಸಂಚಾರವಿರುವ ಕಾರಣ ಸ್ಥಳ ಬಲ್ಲವರಿಲ್ಲದೆ, ಹೊತ್ತು ಮೀರಿ, ಒಬ್ಬಂಟಿಯಾಗಿ ಹೋಗುವುದು ಸಲ್ಲದು. ಬೆಳಿಗ್ಗೆ ಬೇಗನೆ ಹೊರಟವನಿಗೆ ಮಾತ್ರ ನೋಟ ದಕ್ಕುತ್ತದೆ. ಮಧ್ಯಾಹ್ನವಾಗುತ್ತಲೇ ಬಯಲಿನ ಬಿಸಿಗಾಳಿ ಮೇಲೇರಿ ಮಂಜಾಗಿ, ದುರ್ಗವನ್ನೂ ಕಣಿವೆಯನ್ನೂ ಒಂದೇ ಬಿಳುಪಿನಲ್ಲಿ ಅಡಗಿಸುತ್ತದೆ.

ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮಿಕ್ಕಿದ ಆ ತುದಿಯಲ್ಲಿ ನಿಂತಾಗ ಕಾಣುವುದೇನು? ಕೆಳಗೆ ಕೂನೂರು ಕಮರಿ. ಅದರ ಮಗ್ಗುಲಲ್ಲಿ ಬರ್ಲಿಯಾರಿನ ಮೂಲಕ ಸುತ್ತಿ ಸುತ್ತಿ ಬರುವ ಘಟ್ಟದ ರಸ್ತೆ. 1899ರಿಂದ ಕೂನೂರಿಗೆ ಹಲ್ಲುಹಳಿಯ ಮೇಲೆ ಏರಿ ಬರುತ್ತಿರುವ ರೈಲಿನ ದಾರಿ. ಅದರಾಚೆ ಮೇಟುಪಾಳ್ಯದ ಬಯಲು, ಭವಾನಿ ನದಿಯ ಹರಿವು. ಎದುರು ದಿಬ್ಬದ ಲೇಡಿ ಕ್ಯಾನಿಂಗ್ ಸೀಟಿನಿಂದ ನೋಡುವವರಿಗೆ ಇದೇ ದುರ್ಗ ಕಣಿವೆಯ ಆಚೆಗೆ ನಿಂತ ಕಾವಲುಗಾರನಂತೆ ತೋರುತ್ತದೆ. ಬಯಲಿನಿಂದ ಬೆಟ್ಟಕ್ಕೆ ಯಾರು ಏರಿ ಬಂದರೂ, ಬೆಟ್ಟದಿಂದ ಏನು ಇಳಿದು ಹೋದರೂ ಇಲ್ಲಿದ್ದವನ ಕಣ್ಣಿಗೆ ಬೀಳಲೇಬೇಕು. ಕೋಟೆ ಇಲ್ಲೇ ಏಕೆ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ.

ಕೋಟೆಯೆಂದೊಡನೆ ಚಿತ್ರದುರ್ಗದ ಸುತ್ತುಗಳನ್ನೋ ಶ್ರೀರಂಗಪಟ್ಟಣದ ಬುರುಜುಗಳನ್ನೋ ನೆನೆದು ಬಂದವರು ನಿರಾಶರಾಗುತ್ತಾರೆ. ಇಲ್ಲಿ ಉಳಿದಿರುವುದು ಬಿದ್ದುಹೋದ ಒಂದು ಗೋಡೆಯ ಭಾಗ ಮಾತ್ರ. ಆದರೆ ಗಿರಿದುರ್ಗದ ನ್ಯಾಯವೇ ಬೇರೆ. ಪ್ರಪಾತವೇ ಪ್ರಾಕಾರವಾಗುವಲ್ಲಿ ಗೋಡೆಗೆ ಕೆಲಸವಿಲ್ಲ. ಕಾಲಿಡಲು ಸಾಧ್ಯವಾಗುವ ಕಡೆಗೆ ಮಾತ್ರ ಕಲ್ಲು ಕಟ್ಟಿದರೆ ಸಾಕು. ಪಡೆಯೂ ದೊಡ್ಡದು ಬೇಕಿಲ್ಲ. ಕೆಲವು ಮಂದಿ ಕಾವಲಿನವರು, ನೀರಿನ ಆಸರೆ, ಧಾನ್ಯದ ದಾಸ್ತಾನು, ಬೆಂಕಿಯ ಸಂಕೇತ ಕೊಡಲು ಒಂದು ಎತ್ತರ, ಇಷ್ಟಿದ್ದರೆ ಕಣಿವೆ ಕೈವಶ. ಆದುದರಿಂದ ಹುಲಿಕಲ್ಲಿನ ಗೋಡೆ ಚಿಕ್ಕದೆಂಬುದು ಅದರ ಬಡತನವಲ್ಲ, ಅದರ ಲೆಕ್ಕಾಚಾರ.

ಈ ಒಂದು ಬಂಡೆಗೆ ಮೂರು ಹೆಸರುಗಳಿವೆ. ಪ್ರತಿಯೊಂದು ಹೆಸರೂ ಒಬ್ಬ ಸಾಕ್ಷಿಯಂತೆ ತನ್ನ ಕಾಲವನ್ನು ನುಡಿಯುತ್ತದೆ.

ಮೊದಲನೆಯದು ಹುಲಿಕಲ್ ದುರ್ಗ. ಬುಡದಲ್ಲಿರುವ ಹುಲಿಕಲ್ ಎಂಬ ಊರಿನಿಂದ ಬಂದ ಹೆಸರು. ಹುಲಿ, ಕಲ್ಲು, ದುರ್ಗ ಇವುಗಳಲ್ಲಿ ಯಾವುದನ್ನೂ ಕನ್ನಡದ ಓದುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡಗ ಮಾತನಾಡುವ ಮನೆಯಲ್ಲಿಯೂ ಹೇಳಬೇಕಾಗಿಲ್ಲ. ಬಡಗ ಎಂದರೆ ಬಡಗಣ ದಿಕ್ಕಿನವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಅವರ ಪರಂಪರೆಯೇ ಹೇಳುತ್ತದೆ. ಬೇರಗಣಿಯ ಹೆತ್ತೆ ಹಬ್ಬದಲ್ಲಿ ನೆರೆಯುವ ಸಾವಿರಾರು ಮಂದಿಯ ನುಡಿ ಕನ್ನಡಕ್ಕೆ ಒಡಹುಟ್ಟು.

ಎರಡನೆಯದು ಬಕಾಸುರನ ಬೆಟ್ಟ. ತಮಿಳಿನಲ್ಲಿ ಪಕ್ಕಾಸುರನ್ ಕೋಟೆ. ಏಕಚಕ್ರಪುರದ ಜನರಿಂದ ದಿನಕ್ಕೊಂದು ಬಂಡಿ ಅನ್ನವನ್ನೂ ಒಬ್ಬ ಮನುಷ್ಯನನ್ನೂ ಕಪ್ಪವಾಗಿ ಪಡೆಯುತ್ತಿದ್ದ ಬಕನ ಕಥೆ ಎಲ್ಲರಿಗೂ ತಿಳಿದದ್ದೇ. ಘಟ್ಟದ ಬಾಯಿಯಲ್ಲಿ ಕುಳಿತು ದಾರಿಹೋಕರಿಂದ ವಸೂಲಿ ಮಾಡುತ್ತಿದ್ದ ಕೋಟೆಗೆ ಜನ ಬಕಾಸುರನ ಹೆಸರಿಟ್ಟದ್ದರಲ್ಲಿ ಪುರಾಣಭಕ್ತಿಯಷ್ಟೇ ಸುಂಕದ ನೆನಪೂ ಇದ್ದರೆ ಆಶ್ಚರ್ಯವಿಲ್ಲ.

ಮೂರನೆಯದು ಡ್ರೂಗ್. ಸಾವನದುರ್ಗವನ್ನು ಸೆವೆನ್‌ಡ್ರೂಗ್ ಮಾಡಿದ ಇಂಗ್ಲಿಷರ ನಾಲಿಗೆ ದುರ್ಗ ಎಂಬ ಶಬ್ದವನ್ನು ತನಗೆ ಒಗ್ಗಿದಂತೆ ತಿರುಚಿಕೊಂಡಿತು. ಇಂದು ಪ್ರವಾಸಿಗರ ಬಾಯಲ್ಲಿ ಓಡಾಡುವುದು ಈ ಹೆಸರೇ. ಜತೆಗೆ ಒಂದು ಸಾಲಿನ ವಿವರಣೆಯೂ ಇರುತ್ತದೆ: ಟಿಪ್ಪು ಸುಲ್ತಾನನ ಕಾವಲುಠಾಣೆ. ಈ ಮಾತು ಸುಳ್ಳಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಪಡೆ ಈ ದುರ್ಗವನ್ನು ಬಳಸಿಕೊಂಡಿತು. 1799ರಲ್ಲಿ ಟಿಪ್ಪು ಬಿದ್ದ ಬಳಿಕ ನೀಲಗಿರಿ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. ಆದರೆ ಒಂದು ಮನೆಯಲ್ಲಿ ಕೊನೆಯದಾಗಿ ವಾಸವಿದ್ದವನೇ ಅದನ್ನು ಕಟ್ಟಿದವನೆಂದು ಯಾವ ನ್ಯಾಯಾಲಯವೂ ತೀರ್ಪು ಕೊಡುವುದಿಲ್ಲ.

ಹಾಗಾದರೆ ಅದಕ್ಕೂ ಹಿಂದಿನ ಕಥೆ ಏನು? ನೀಲಗಿರಿಯ ಬಗ್ಗೆ ಬರಹರೂಪದ ಹಳೆಯ ಸಾಕ್ಷ್ಯ ಸಿಗುವುದು ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ತೋದವರನ್ನು ಬೆದರಿಸಿ ನೀಲಗಿರಿಯನ್ನು ಹೊಕ್ಕನೆಂದು 1117ರ ಆ ಶಾಸನ ಸಾರುತ್ತದೆ. ತೋದವರ ಹೆಸರು ಲಿಖಿತವಾಗಿ ದೊರೆಯುವುದು ಅಲ್ಲಿಯೇ ಮೊದಲು. ಮುಂದೆ ತೆರಕಣಾಂಬಿಯಿಂದ ಆಳಿದ ಹೊಯ್ಸಳ ದಂಡನಾಯಕರಲ್ಲಿ ಮಾಧವ ದಂಡನಾಯಕನ ಮನೆತನ ನೀಲಗಿರಿಯನ್ನು ಗೆದ್ದುದನ್ನೇ ಬಿರುದಾಗಿ ಧರಿಸಿತು. ಭವಾನಿ ಮತ್ತು ಮೋಯಾರು ಕೂಡುವಲ್ಲಿದ್ದ ದಣಾಯಕನ ಕೋಟೆ ಈ ದಂಡನಾಯಕರ ಹೆಸರನ್ನೇ ಹೊತ್ತಿತ್ತು. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ಜಲಾಶಯದ ನೀರು ತೀರ ತಗ್ಗಿದ ವರ್ಷಗಳಲ್ಲಿ ಅಲ್ಲಿನ ಮಾಧವರಾಯ ದೇವಾಲಯ ಕೆಸರಿನಿಂದ ತಲೆಯೆತ್ತುತ್ತದೆ. ಮಳೆ ಬಂದೊಡನೆ ಮರೆಯಾಗುತ್ತದೆ.

ದಣಾಯಕನ ಕೋಟೆ ಬೆಟ್ಟಕ್ಕೆ ಬುಡದ ಬಾಗಿಲಾಗಿತ್ತು. 1800ರಲ್ಲಿ ಬುಕಾನನ್ ಬಂದದ್ದು, 1812ರಲ್ಲಿ ಕೀಸ್ ಮತ್ತು ಮ್ಯಾಕ್‌ಮಹೋನ್ ಮೋಜಣಿಗೆ ಹೊರಟದ್ದು, 1818ರಲ್ಲಿ ವಿಶ್ ಮತ್ತು ಕಿಂಡರ್ಸ್ಲಿ ಏರಿದ್ದು ಆ ದಿಕ್ಕಿನಿಂದಲೇ. ಅಂದರೆ ಇಂಗ್ಲಿಷರು ‘ಕಂಡುಹಿಡಿದ’ ಬೆಟ್ಟಕ್ಕೆ ಅವರು ಹತ್ತಿದ್ದು ಮೊದಲೇ ಇದ್ದ ದಾರಿಯಲ್ಲಿ.

ವಿಜಯನಗರದ ಕಾಲದಲ್ಲಿ ಈ ಬೆಟ್ಟದ ಮೇಲೆ ಕಣ್ಣಿಟ್ಟವರು ಉಮ್ಮತ್ತೂರಿನ ಒಡೆಯರು. ಅವರ ಊರು ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿದೆ. ಕೃಷ್ಣದೇವರಾಯನು ಪಟ್ಟವೇರಿದ ಹೊಸತರಲ್ಲಿಯೇ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಶಿವನಸಮುದ್ರವನ್ನು ಮುರಿದ. ಹದಿನೇಳನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರಾಜ ಒಡೆಯರು ಉಮ್ಮತ್ತೂರನ್ನು ತಮ್ಮದಾಗಿಸಿಕೊಂಡರು. ಬೆಟ್ಟದ ಹಕ್ಕೂ ಹಾಗೆ ಕೈಯಿಂದ ಕೈಗೆ ಸಾಗಿತು. ಬಡಗರ ನೆನಪಿನಲ್ಲಿ ಉಮ್ಮತ್ತೂರಿನ ಒಡೆಯರ ಹೆಸರು ಉಳಿದಿದೆ. 1880ರ ಗ್ರಿಗ್ ಕೈಪಿಡಿಯಾಗಲಿ 1908ರ ಫ್ರಾನ್ಸಿಸ್ ಗೆಜೆಟಿಯರಾಗಲಿ ಬೆಟ್ಟದ ಕೋಟೆಗಳನ್ನು ಲೆಕ್ಕಿಸುವಾಗ ಮೂರು ಹೆಸರುಗಳನ್ನು ಎತ್ತುತ್ತವೆ: ಕೂನೂರಿನ ಬಳಿ ಹುಲಿಕಲ್ ದುರ್ಗ, ಕಲ್ಲಟ್ಟಿಯ ಬಳಿ ಮಲೆಕೋಟೆ, ಕೋಟಗಿರಿ ಸೀಮೆಯಲ್ಲಿ ಉದಯರಾಯ ಕೋಟೆ.

ಈ ಮೂರನ್ನೂ ನಕಾಶೆಯ ಮೇಲೆ ಇಟ್ಟು ನೋಡಿದರೆ ಕಟ್ಟಿದವರ ಮನಸ್ಸು ಬಯಲಾಗುತ್ತದೆ. ಹುಲಿಕಲ್ಲು ಕೊಯಮತ್ತೂರಿನ ಬಯಲನ್ನು ಕಾಯುತ್ತದೆ. ಮಲೆಕೋಟೆ ಸೀಗೂರು ಘಟ್ಟವನ್ನು, ಎಂದರೆ ಇಂದು ಮೂವತ್ತಾರು ತಿರುವುಗಳಲ್ಲಿ ಮಸಿನಗುಡಿಗೆ ಇಳಿಯುವ ದಾರಿಯನ್ನು, ಕಾಯುತ್ತದೆ, ಅದರಾಚೆ ಮೈಸೂರು. ಉದಯರಾಯ ಕೋಟೆ ಈಶಾನ್ಯ ದಿಕ್ಕಿನ ಏರುದಾರಿಗಳಿಗೆ ಒಡೆಯನ ಪ್ರತಿನಿಧಿ. ಅರಮನೆ ಕಟ್ಟಲು ಬಂದವರ ಕೆಲಸ ಇದಲ್ಲ. ಬೆಟ್ಟದ ಬಾಗಿಲುಗಳಿಗೆ ಅಗಳಿ ಹಾಕಲು ಬಂದವರ ಕೆಲಸ.

ಇಂಥ ಅವಶೇಷಗಳನ್ನು ಉಳಿಸಿಕೊಳ್ಳುವುದು ಹೇಗೆಂಬುದಕ್ಕೆ ದೂರದ ಒಂದು ನಿದರ್ಶನ ಉಪಯುಕ್ತ. ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ದಕ್ಷಿಣ ಟಿರೋಲ್ ಎಂಬ ಪ್ರಾಂತವಿದೆ. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದ ಮೂಲಕ ಆಸ್ಟ್ರಿಯದಿಂದ ಇಟಲಿಗೆ ಸೇರಿದ ನಾಡು. ಅಲ್ಲಿನ ಹೆಚ್ಚಿನವರ ಮನೆಮಾತು ಜರ್ಮನ್. ದೇಶದ ಭಾಷೆ ಇಟಾಲಿಯನ್. ಎಪ್ಪಾನ್ ಎಂಬ ಊರಿನ ಮೇಲಿನ ದಿಬ್ಬಗಳಲ್ಲಿ ಹೋಖೆಪ್ಪಾನ್, ಬೋಯ್ಮೊಂಟ್, ಕೋರ್ಬ್ ಎಂಬ ಮೂರು ಮಧ್ಯಯುಗದ ಕೋಟೆಗಳನ್ನು ಒಂದೇ ಕಾಲುದಾರಿ ಹೆಣೆಯುತ್ತದೆ. ಹೋಖೆಪ್ಪಾನ್ ಬಹುಪಾಲು ಪಾಳುಬಿದ್ದಿದ್ದರೂ ಅದರ ಪುಟ್ಟ ಪ್ರಾರ್ಥನಾಮಂದಿರದ ಗೋಡೆಚಿತ್ರಗಳು ಉಳಿದಿವೆ. ಯೇಸುವಿನ ಜನನದ ಚಿತ್ರದ ಮೂಲೆಯಲ್ಲಿ ಒಬ್ಬ ಹೆಂಗಸು ಕಡುಬಿನಂಥ ಉಂಡೆಗಳನ್ನು ತಿನ್ನುತ್ತಿದ್ದಾಳೆ. ಆ ಸೀಮೆಯ ಜನ ಇಂದಿಗೂ ತಿನ್ನುವ ಉಂಡೆಗಳೇ ಅವು. ಅಲ್ಲಿನ ಸ್ಥಳನಾಮಗಳು ಎರಡು ಭಾಷೆಗಳಲ್ಲಿ ಬರೆಯಲ್ಪಡುತ್ತವೆ. ಗಡಿ ಬದಲಾಯಿತು, ಆಳ್ವಿಕೆ ಬದಲಾಯಿತು. ಕೋಟೆಗೆ ಹೋಗುವ ದಾರಿಯಲ್ಲಿ ಊರಿನ ಹಳೆಯ ಹೆಸರು ಮಾತ್ರ ಅಳಿಯಲಿಲ್ಲ. ಇದು ತಾನಾಗಿ ಆದದ್ದಲ್ಲ. 1972ರ ಸ್ವಾಯತ್ತತೆಯ ಶಾಸನದವರೆಗೆ ಅಲ್ಲಿನವರು ಪಟ್ಟು ಹಿಡಿದು ಕೇಳಿದ್ದರ ಫಲ.

ನೀಲಗಿರಿಯಲ್ಲಿ ಕೇಳುವುದಾದರೆ ಏನನ್ನು, ಯಾರನ್ನು ಕೇಳಬೇಕು? ಪಾಳುಗೋಡೆಯ ಮುಂದೆ ಕಾನೂನು ಮೊದಲು ಎತ್ತುವ ಪ್ರಶ್ನೆ ಅದರ ಸೌಂದರ್ಯವನ್ನಾಗಲಿ ಚರಿತ್ರೆಯನ್ನಾಗಲಿ ಕುರಿತದ್ದಲ್ಲ, ನೆಲ ಯಾರದೆಂಬುದು. ತೋಟದ ಪಟ್ಟಾ ಭೂಮಿಯೋ, ಅರಣ್ಯವೋ, ಪೊರಂಬೋಕೋ? ಗೂಡಲೂರಿನ ಕಡೆಗೆ ಹೋದರೆ ಪ್ರಶ್ನೆ ಇನ್ನೂ ಜಟಿಲ. ನಂಬಾಲಕೋಟೆಯ ಹೆಸರಿನಲ್ಲಿ ಕೋಟೆ ಇಂದಿಗೂ ನಿಂತಿದೆ. ಆದರೆ ಆ ಸೀಮೆಯ ಜನ್ಮಂ ಭೂಮಿಗಳ ಹಕ್ಕು 1969ರ ಜನ್ಮಂ ರದ್ದತಿ ಕಾಯಿದೆಯ ನಂತರ ದಶಕಗಟ್ಟಲೆ ವ್ಯಾಜ್ಯದಲ್ಲಿ ಸಿಲುಕಿತು. ಆದುದರಿಂದ ತಾಲೂಕು ಕಚೇರಿಯಲ್ಲಿ ಸರ್ವೆ ನಂಬರು ಹಿಡಿದು ನೆಲದ ದಾಖಲೆ ನೋಡುವುದೇ ಮೊದಲ ಮೆಟ್ಟಿಲು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಉತ್ತರ ಕೊಡುವುದು ಕಚೇರಿಯ ಹೊಣೆ.

ಎರಡನೆಯ ಪ್ರಶ್ನೆ ಅಧಿಸೂಚನೆಯದು. ಹಳೆಯದಾದ ಮಾತ್ರಕ್ಕೆ ಯಾವ ಕಟ್ಟಡಕ್ಕೂ ರಕ್ಷಣೆ ತಾನಾಗಿ ಬರುವುದಿಲ್ಲ. 1958ರ ಕೇಂದ್ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಟ್ಟಡ ಅಥವಾ ಅವಶೇಷ ಪ್ರಾಚೀನ ಸ್ಮಾರಕವೆನಿಸಬಲ್ಲದು. ಆದರೆ ಅದನ್ನು ರಾಷ್ಟ್ರೀಯ ಮಹತ್ವದ್ದೆಂದು ಸರಕಾರ ಘೋಷಿಸಬೇಕು. ಘೋಷಣೆಗೆ ಮುನ್ನ ಎರಡು ತಿಂಗಳ ನೋಟೀಸು, ಆಕ್ಷೇಪಣೆಗಳ ವಿಚಾರಣೆ ಇರುತ್ತದೆ. ಘೋಷಣೆಯಾದರೆ 2010ರ ತಿದ್ದುಪಡಿಯಂತೆ ಸುತ್ತಲಿನ ನೂರು ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರು ನಿಯಂತ್ರಿತ. ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥದೇ ಉದ್ದೇಶದಿಂದ ತಮಿಳುನಾಡಿಗೆ 1966ರ ತನ್ನದೇ ಕಾಯಿದೆ ಇದೆ. ದೊಡ್ಡ ಅರಮನೆಯಿಲ್ಲದ, ಶಿಲ್ಪವಿಲ್ಲದ ಹುಲಿಕಲ್ಲಿನಂಥ ಗೋಡೆಗೆ ರಾಜ್ಯ ಪುರಾತತ್ವ ಇಲಾಖೆಯ ಬಾಗಿಲು ತಟ್ಟುವುದೇ ಹೆಚ್ಚು ವ್ಯವಹಾರ್ಯ ಮಾರ್ಗ.

ಈ ಮಾತಿಗೆ ಅವಸರವೇಕೆಂದರೆ, ಪಾಳುಕೋಟೆಗಳಿಗೆ ಎರಡು ಬಗೆಯ ಶತ್ರುಗಳಿರುತ್ತಾರೆ. ಒಬ್ಬ ನಿಧಾನದ ಶತ್ರು: ಮಳೆ, ಬೇರು, ಭೂಕುಸಿತ. ಈಶಾನ್ಯ ಮಾರುತದ ಮಳೆ ಬಲವಾಗಿ ಹೊಡೆಯುವ ಕೂನೂರಿನ ಈ ಇಳಿಜಾರಿನಲ್ಲಿ ಒಂದು ಕಲ್ಲು ಸಡಿಲವಾದರೆ ಹತ್ತು ಕಲ್ಲು ಹಿಂಬಾಲಿಸುತ್ತವೆ. ಇನ್ನೊಬ್ಬ ಆತುರದ ಶತ್ರು: ನಿಧಿಯ ಆಸೆ. ಹಳೆಯ ಗೋಡೆ ಇದ್ದಲ್ಲಿ ಕೊಪ್ಪರಿಗೆ ಹೊನ್ನು ಇದೆಯೆಂಬ ನಂಬಿಕೆ ಕನ್ನಡನಾಡಿನಲ್ಲಿ ಎಷ್ಟು ಗುಡಿಗಳ ಪೀಠ ಕೀಳಿಸಿದೆಯೋ ಲೆಕ್ಕವಿಲ್ಲ. ಸುಂಕದ ಠಾಣೆಯಲ್ಲಿ ಹೊನ್ನು ಹೂತಿಡುವ ಪ್ರಮೇಯವೇ ಕಡಿಮೆ. ಬಂದದ್ದು ಒಡೆಯನ ಬೊಕ್ಕಸಕ್ಕೆ ಇಳಿದು ಹೋಗುತ್ತಿತ್ತು. ಒಂದು ವೇಳೆ ಏನಾದರೂ ಸಿಕ್ಕಿತೆನ್ನಿ, 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ಬೆಲೆಯ ಪ್ರತಿ ನಿಧಿಯನ್ನೂ ಸಿಕ್ಕವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಲೇಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ. ಅಗೆತದಿಂದ ಅಗೆದವನಿಗೆ ಏನೂ ದಕ್ಕುವುದಿಲ್ಲ. ಎಲ್ಲರ ಪಾಲಿನ ಸಾಕ್ಷ್ಯ ಮಾತ್ರ ನಾಶವಾಗುತ್ತದೆ. ಮಡಕೆಯ ಚೂರು ಯಾವ ಪದರದಲ್ಲಿತ್ತೆಂಬುದು ತಿಳಿದರೆ ಗೋಡೆಯ ಕಾಲ ಹೇಳಬಹುದು. ಗುದ್ದಲಿ ಬಿದ್ದ ಮೇಲೆ ಅದು ಬರೀ ಚೂರು.

ನಡೆದು ಹೋಗುವವರ ಹಕ್ಕು ಹೊಣೆಗಳ ವಿಚಾರವೂ ಇದೆ. 2018ರ ಮಾರ್ಚಿಯಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ತಮಿಳುನಾಡು ಸರಕಾರ ಅರಣ್ಯ ಚಾರಣಕ್ಕೆ ನಿಯಮಗಳನ್ನು ರೂಪಿಸಿತು. 2024ರಲ್ಲಿ ನಲವತ್ತು ಅಧಿಕೃತ ಚಾರಣದಾರಿಗಳನ್ನು ತೆರೆಯಿತು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದು 1882ರ ಅರಣ್ಯ ಕಾಯಿದೆಯಡಿ ಅಪರಾಧ. ಮುದುಮಲೆಯಂಥ ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯಿದೆಯ ಪರವಾನಗಿ ಬೇಕು. ಮಸಿನಗುಡಿಯ ಆನೆದಾರಿಗಳ ಬಗ್ಗೆ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಬಲ್ಲವರಿಗೆ ಈ ಕಟ್ಟುನಿಟ್ಟಿನ ಕಾರಣ ವಿವರಿಸಬೇಕಿಲ್ಲ. ತೋಟದ ದಾರಿ ಖಾಸಗಿ ದಾರಿ. ಅಲ್ಲಿ ಕೇಳಿ ಹೋಗುವುದು ಕಾನೂನು ಮಾತ್ರವಲ್ಲ, ಮರ್ಯಾದೆಯೂ ಹೌದು. ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿನಿಂದ ಮದರಾಸು ಹೈಕೋರ್ಟಿನ ಆದೇಶದಂತೆ ಇ-ಪಾಸೂ ಕಡ್ಡಾಯವಾಗಿದೆ.

ಇಷ್ಟೆಲ್ಲ ಕಟ್ಟಲೆಗಳ ನಡುವೆ ಗೋಡೆಯನ್ನು ಕಾಯುವವರು ಯಾರು? ಒಂದು ವಾದವುಂಟು: ಯಾರಿಗೂ ಹೆಚ್ಚು ತಿಳಿಯದಿದ್ದರೇ ಲೇಸು, ಅಧಿಕೃತ ಫಲಕ ಬಂದರೆ ಅಂಗಡಿ ಬರುತ್ತದೆ, ಅಂಗಡಿಯ ಹಿಂದೆ ಕಸ ಬರುತ್ತದೆ, ಕಡೆಗೆ ಗೋಡೆಯ ಮೇಲೆ ಪ್ರೇಮಿಗಳ ಹೆಸರು ಬರುತ್ತದೆ. ನೀಲಗಿರಿಯನ್ನು ಬಲ್ಲ ಯಾರೂ ಈ ಭಯವನ್ನು ತಳ್ಳಿಹಾಕಲಾರರು. ಆದರೆ ಡ್ರೂಗ್ ಎಂಬ ಹೆಸರು ಈಗಾಗಲೇ ಪ್ರವಾಸಿಗರ ಪಟ್ಟಿಗಳನ್ನು ಸೇರಿಯಾಗಿದೆ. ಗುಟ್ಟಾಗಿಡುವ ಕಾಲ ಮುಗಿದಿದೆ. ಈಗ ಇರುವ ಆಯ್ಕೆ ಎರಡೇ: ಕಾವಲಿಲ್ಲದ ಪ್ರಸಿದ್ಧಿ, ಅಥವಾ ಕಾವಲಿರುವ ಪ್ರಸಿದ್ಧಿ. ಎರಡನೆಯದರಲ್ಲಿ ಸ್ಥಳೀಯರಿಗೆ ಮಾರ್ಗದರ್ಶಿಗಳಾಗಿ ದುಡಿಮೆಯುಂಟು, ದಿನಕ್ಕೆ ಇಷ್ಟೇ ಜನವೆಂಬ ಮಿತಿಯುಂಟು, ಕೆಟ್ಟದ್ದಾದರೆ ಉತ್ತರ ಹೇಳಬೇಕಾದ ಒಂದು ಕಚೇರಿಯುಂಟು.

ಸಂವಿಧಾನದ 51ಎ ವಿಧಿ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯವೆನ್ನುತ್ತದೆ. 29ನೆಯ ವಿಧಿ ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನವಿಭಾಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಈ ಹಕ್ಕನ್ನು ಗಡಿನಾಡಿನ ಕನ್ನಡಿಗರು ಶಾಲೆ, ಪಠ್ಯಪುಸ್ತಕ, ಅರ್ಜಿ ನಮೂನೆಗಳ ವಿಚಾರದಲ್ಲಿ ಮಾತ್ರ ನೆನೆಯುವ ವಾಡಿಕೆ. ಬೆಟ್ಟದ ಹೆಸರೂ ಭಾಷೆಯ ಆಸ್ತಿಯೇ. ಹುಲಿಕಲ್ ದುರ್ಗವನ್ನು ತಮಿಳರಿಂದ ಬಿಡಿಸಿಕೊಳ್ಳಬೇಕಾದ ವ್ಯಾಜ್ಯ ಇಲ್ಲಿಲ್ಲ. ಪಕ್ಕಾಸುರನ್ ಕೋಟೆ ಎಂಬ ಹೆಸರಿಗೂ ಅಲ್ಲಿ ಅಷ್ಟೇ ನೆಲೆಯಿದೆ. ತೋದವರು, ಬಡಗರು, ಕನ್ನಡ ದಂಡನಾಯಕರು, ತಮಿಳು ಬಯಲಿನವರು, ಮೈಸೂರಿನ ಸುಲ್ತಾನ, ಇಂಗ್ಲಿಷ್ ತೋಟಗಾರ ಎಲ್ಲರೂ ಹತ್ತಿ ಇಳಿದ ಬೆಟ್ಟ ಅದು. ಕೇಳಬೇಕಾದದ್ದು ಇಷ್ಟೇ: ಫಲಕ ಬರೆಯುವ ದಿನ ಬಂದಾಗ ಎರಡು ಹೆಸರುಗಳೂ ಇರಲಿ, ಟಿಪ್ಪುವಿನ ಹಿಂದಿನ ಆರುನೂರು ವರ್ಷಗಳಿಗೂ ಒಂದು ಸಾಲು ಸಿಗಲಿ.

ಅದಕ್ಕೆ ಮುನ್ನ ಮಾಡಬಹುದಾದ ಕೆಲಸ ಹಣದ್ದಲ್ಲ. ಹುಲಿಕಲ್ಲು, ಕಲ್ಲಟ್ಟಿ, ಕೋಟಗಿರಿ ಸೀಮೆಗಳ ಹಿರಿಯರು ಗೋಡೆಗಳ ಬಗ್ಗೆ, ದಾರಿಗಳ ಬಗ್ಗೆ, ಉಮ್ಮತ್ತೂರಿನ ಒಡೆಯರ ಬಗ್ಗೆ ಹೇಳುವುದನ್ನು ಯಾರಾದರೂ ಕೂತು ಬರೆದುಕೊಳ್ಳಬೇಕು. ಗೋಡೆ ಎಷ್ಟು ಮೊಳ ಉದ್ದ, ಎಷ್ಟು ಅಗಲ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಅಳೆದು, ಚಿತ್ರ ತೆಗೆದು, ದಿನಾಂಕ ಹಾಕಿ ಇಡಬೇಕು. ಗ್ರಾಮಸಭೆಯಲ್ಲಿ ಒಂದು ಠರಾವು, ಕಲೆಕ್ಟರರಿಗೂ ಪುರಾತತ್ವ ಇಲಾಖೆಗೂ ಒಂದೊಂದು ಪ್ರತಿ, ಸ್ವೀಕೃತಿಯ ಮುದ್ರೆ ಜೋಪಾನ. ಅಣೆಕಟ್ಟಿನ ನೀರಿನಡಿ ಹೋದ ದಣಾಯಕನ ಕೋಟೆಯ ವಿಷಯದಲ್ಲಿ ಇನ್ನು ಯಾವ ಠರಾವೂ ಕೆಲಸಕ್ಕೆ ಬಾರದು. ಹುಲಿಕಲ್ಲಿನ ಗೋಡೆಯಾದರೋ ಇನ್ನೂ ಗಾಳಿಬೆಳಕಿನಲ್ಲಿದೆ.